ಜೋಡಿಹುಳುವಿನ ಡಾಕ್ಟರಮ್ಮ

ಬೊರ್ಕೊವ್ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಯಾರ್ಮಿಲಾ ಹೊಲೂಬೊವಾ ಕೊಡುವ ಉಡುಗೊರೆ ಒಂದೇ. ಬೆರಳಗಲದ ಗಾಜಿನ ಪಟ್ಟಿ, ಅದರ ನಡುವೆ ಕೆಂಪು ಬಣ್ಣ ಹೀರಿಕೊಂಡು ಮಲಗಿದ, ಅಕ್ಕಿಕಾಳಿನಷ್ಟು ಉದ್ದದ ಒಂದು ಹುಳು. ಬೇರೆಯವರು ಪಿಂಗಾಣಿ ತಟ್ಟೆ, ಗರಿತುಂಬಿದ ಹೊದಿಕೆ, ಪ್ಲಮ್ ಹಣ್ಣಿನ ಸಾರಾಯಿ ಎಂದು ಹೊತ್ತು ತಂದರೆ ಇವಳು ಕೋಟಿನ ಜೇಬಿನಿಂದ ಹುಳು ತೆಗೆದು ಮದುಮಗಳ ಕೈಗಿಡುತ್ತಿದ್ದಳು. ಕೊಟ್ಟು ಸುಮ್ಮನಿರುವ ಹೆಂಗಸೂ ಅಲ್ಲ. ಎಲ್ಲರ ಮುಂದಿನ ಸೂಪು ತಣ್ಣಗಾಗುವವರೆಗೆ ಆ ಹುಳುವಿನ ಚರಿತ್ರೆ ಹೇಳಿಯೇ ಕೂರುತ್ತಿದ್ದಳು.

ಯಾರ್ಮಿಲಾ ನಮ್ಮ ಮೀನುಕಂಪನಿಯ ಡಾಕ್ಟರು. ದಕ್ಷಿಣ ಬೊಹೀಮಿಯಾದ ಈ ಭಾಗದಲ್ಲಿ ನೆಲಕ್ಕಿಂತ ಕೆರೆಕೊಳಗಳೇ ಹೆಚ್ಚು, ಕೊಳಗಳ ತುಂಬ ಗೆಂಡೆಮೀನು. ಆ ಮೀನು ಒಂದು ಕೊಳದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೊದಲು ಅದರ ಕಿವಿರು ಯಾರ್ಮಿಲಾಳ ಸೂಕ್ಷ್ಮದರ್ಶಕದ ಕೆಳಗೆ ಹಾದುಹೋಗಬೇಕು. ದಪ್ಪ ಮೈ, ಗಂಡಸರ ಅಳತೆಯ ರಬ್ಬರ್ ಬೂಟು, ಸದಾ ಕನ್ನಡಕ ಹಣೆಯ ಮೇಲೆ. ಕನ್ನಡಕ ಎಲ್ಲಿ ಎಂದು ಹುಡುಕುವ ಕೆಲಸವೂ ಸದಾ. ಐವತ್ತು ದಾಟಿದರೂ ಮದುವೆಯಿಲ್ಲ. ಊರು ಅವಳಿಗೆ ಇಟ್ಟ ಹೆಸರು ಜೋಡಿಹುಳುವಿನ ಡಾಕ್ಟರಮ್ಮ. ಅವಳಿಗೂ ಅದರ ಬಗ್ಗೆ ಒಳಗೊಳಗೇ ಜಂಬವಿತ್ತು.

ಆ ಹುಳುವಿನ ಚರಿತ್ರೆಯಾದರೂ ಕೇಳಬೇಕಾದದ್ದೇ. ಗೆಂಡೆಮೀನಿನ ಕಿವಿರಿನಲ್ಲಿ ಕೂತು ರಕ್ತ ಹೀರುವ ಅದು ಬಂಗಾರದ ಬಣ್ಣದ ಮೊಟ್ಟೆ ಇಡುತ್ತದೆ. ಮೊಟ್ಟೆಯ ಒಂದು ತುದಿಗೆ ಡಬ್ಬಿಗಿರುವಂಥ ಮುಚ್ಚಳ, ಜೊತೆಗೆ ಸುರುಳಿ ಸುತ್ತಿಕೊಂಡ ಉದ್ದನೆಯ ದಾರ. ದಾರ ಎಲ್ಲಿ ಸಿಕ್ಕಿಹಾಕಿಕೊಂಡರೆ ಮೊಟ್ಟೆಯ ಮನೆ ಅಲ್ಲೇ: ಕಿವಿರಾದರೂ ಸರಿ, ಜೊಂಡುಹುಲ್ಲಾದರೂ ಸರಿ, ಬಲೆಯ ಕಣ್ಣಾದರೂ ಸರಿ. ನೀರು ಬೆಚ್ಚಗಾದ ಮೇಲೆ ಮುಚ್ಚಳ ತಳ್ಳಿಕೊಂಡು ಮರಿ ಹೊರಗೆ ಬರುತ್ತದೆ. ಅದರ ಮೈಪಕ್ಕದಲ್ಲಿ ರೆಪ್ಪೆಗೂದಲಿನಂಥ ಕೂದಲು, ಎರಡು ಕರಿ ಕಣ್ಣುಚುಕ್ಕೆ, ಹಿಂಭಾಗದಲ್ಲಿ ಒಂದೇ ಒಂದು ಜೊತೆ ಕೊಂಡಿ. ಆ ಕೂದಲನ್ನೇ ದೋಣಿಯ ಹುಟ್ಟಿನಂತೆ ಬೀಸಿಕೊಂಡು ಅದು ಮೀನು ಹುಡುಕಬೇಕು. ಹೊತ್ತು ಮುಳುಗುವುದರೊಳಗೆ ಸಿಗದಿದ್ದರೆ ಅದರ ಕಥೆ ಮುಗಿಯಿತು. ಸಿಕ್ಕಿತೋ, ಕೂದಲು ಉದುರಿಸಿ ಕಿವಿರಿಗೆ ಕೊಂಡಿ ಹಾಕಿಕೊಂಡು ಕೂತುಬಿಡುತ್ತದೆ. ಹೊಟ್ಟೆಯ ಕಡೆ ಒಂದು ಪುಟ್ಟ ಹೀರುಬಟ್ಟಲು ಮೂಡುತ್ತದೆ, ಬೆನ್ನಿನ ಮೇಲೆ ಅಂಗಿಯ ಗುಂಡಿಯಂಥ ಒಂದು ಉಬ್ಬು. ಕೊಂಡಿಗಳೂ ಜೊತೆಜೊತೆಯಾಗಿ ಹೆಚ್ಚುತ್ತವೆ. ಹೀಗೆ ಒಂಟಿಯಾಗಿ ರಕ್ತ ಕುಡಿದುಕೊಂಡು ಬಹಳ ಕಾಲ ಇರಬಲ್ಲುದು. ಆದರೆ ದೊಡ್ಡದಾಗುವುದಿಲ್ಲ, ಮೊಟ್ಟೆ ಇಡುವುದಿಲ್ಲ, ಒಂಟಿಯಾಗಿದ್ದು ಒಂಟಿಯಾಗಿಯೇ ಸಾಯುತ್ತದೆ.

ಇಲ್ಲಿಗೆ ಬಂದಾಗ ಯಾರ್ಮಿಲಾ ಚಮಚ ಕೆಳಗಿಟ್ಟು ಎರಡೂ ಕೈ ಎತ್ತುತ್ತಿದ್ದಳು.

"ಇನ್ನೊಂದು ಸಿಕ್ತು ಅಂತಿಟ್ಕೊಳ್ಳಿ. ಇದು ಅದರ ಬೆನ್ನಿನ ಗುಂಡೀನ ತನ್ನ ಬಟ್ಟಲಲ್ಲಿ ಹಿಡ್ಕೊಳ್ಳುತ್ತೆ. ಅದು ಮೈ ತಿರುಚಿ ಇದರ ಗುಂಡೀನ ಹಿಡ್ಕೊಳ್ಳುತ್ತೆ. ಹಿಡ್ಕೊಂಡ ಮೇಲೆ ಬಿಡೋ ಮಾತೇ ಇಲ್ಲ. ಮೈಗೆ ಮೈ ಬೆಸೆದು ಕತ್ತರಿ ಥರ ಒಂದಾಗ್ಬಿಡುತ್ತೆ. ಅಲ್ಲಿಂದ ಮುಂದೇನೇ ಇವು ಬೆಳೆಯೋದು. ಸಾಯೋವರೆಗೂ ಹಿಂಗೇ."

ಇದರಲ್ಲಿ ಗಂಡ ಯಾವುದು, ಹೆಂಡತಿ ಯಾವುದು ಎಂದು ಯಾರಾದರೂ ಮಾವನೋ ಚಿಕ್ಕಪ್ಪನೋ ಕೇಳಿಯೇ ಕೇಳುತ್ತಿದ್ದರು. ಎರಡೂ ಗಂಡು, ಎರಡೂ ಹೆಣ್ಣು, ಅದಕ್ಕೇ ಪಾತ್ರೆ ಯಾರು ತೊಳೆಯಬೇಕೆಂಬ ಜಗಳವಿಲ್ಲ ಎಂದು ಅವಳು ಉತ್ತರ ಕೊಡುವಳು. ಮದುವೆ ಮನೆ ನಗುತ್ತಿತ್ತು. ಆಮೇಲೆ ಆ ಗಾಜಿನ ಪಟ್ಟಿ ಯಾವುದೋ ಕಪಾಟಿನಲ್ಲಿ ಸಕ್ಕರೆ ಡಬ್ಬಿಯ ಹಿಂದೆ ಸೇರುತ್ತಿತ್ತು. ಪರಸ್ಪರ ಬೆನ್ನು ಹಾಕಿ ಮಲಗುವ ಗಂಡಹೆಂಡಿರ ಮನೆಯಲ್ಲೂ ಆ ಹುಳುಗಳು ಮಾತ್ರ ಹಿಡಿದ ಹಿಡಿ ಬಿಡದೆ ಕೂತಿದ್ದವು.

ಕಂಪನಿಯ ಊಟದ ಮನೆಯಲ್ಲಿ ಅಡುಗೆ ಮಾಡುವ ಅಪೊಲೇನಾ ಅವಳ ಜೊತೆ ಶಾಲೆಗೆ ಹೋದವಳು. ಅವಳ ನಾಲಿಗೆಗೆ ತಡೆಯೆಂಬುದಿಲ್ಲ.

"ಊರಿಗೆಲ್ಲ ಜೋಡಿ ಹಂಚ್ತೀಯಲ್ಲ ಯಾರ್ಮಿಲಾ, ನಿನ್ನ ಬೆನ್ನಿನ ಗುಂಡಿ ತುಕ್ಕು ಹಿಡೀತಾ ಇದೆ, ನೋಡ್ಕೋ."

"ಹಿಡೀಲಿ ಬಿಡು. ನಿನ್ನ ಗಂಡ ಹಿಡ್ಕೊಂಡಿರೋದು ನಿನ್ನನ್ನೋ ಬಿಯರ್ ಲೋಟಾನೋ, ಅದನ್ನ ನೀನು ನೋಡ್ಕೋ ಹೋಗು."

ಹೀಗೆ ಅವಳು ಯಾರಿಗೂ ಸೋಲುತ್ತಿರಲಿಲ್ಲ. ಹರೆಯದಲ್ಲಿ ಒಬ್ಬ ಅರಣ್ಯಾಧಿಕಾರಿಯ ಜೊತೆ ಮಾತುಕತೆ ನಡೆದಿತ್ತು. ಅವನು ಒಂದು ದಿನ ಅವಳ ಪ್ರಯೋಗಶಾಲೆಗೆ ಬಂದು, ಅವಳು ಪ್ರೀತಿಯಿಂದ ತೋರಿಸಿದ್ದನ್ನೆಲ್ಲ ನೋಡಿ, ಊಟ ಬೇಡವೆಂದು ಹೋದವನು ಮತ್ತೆ ಬರಲಿಲ್ಲ. ಅವಳಿಗೇನೂ ದೊಡ್ಡ ದುಃಖವಾಗಲಿಲ್ಲ. ಅಮ್ಮನಿದ್ದಳು, ಕೆಲಸವಿತ್ತು, ದಿನ ಸಾಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಮಾತ್ರ ಸಂಜೆಗಳು ಉದ್ದವಾದವು. ಸಬ್ಬಸಿಗೆ ಸೊಪ್ಪಿನ ಸೂಪು ಒಬ್ಬಳಿಗೆಂದು ಮಾಡಿದರೂ ಪಾತ್ರೆ ತುಂಬ ಉಳಿಯುತ್ತಿತ್ತು. ಅವಳಿಗೆ ಬೇಸರವಾಗುತ್ತಿತ್ತು, ಹಾಗೆಂದು ಯಾರಿಗೂ ಹೇಳುತ್ತಿರಲಿಲ್ಲ.

ತಿಂಗಳಿಗೊಂದು ಮಂಗಳವಾರ ಸೈಕಲ್ಲಿನ ಹಿಂದೆ ಸೂಕ್ಷ್ಮದರ್ಶಕದ ಪೆಟ್ಟಿಗೆ ಕಟ್ಟಿಕೊಂಡು ತಾಯಿಕೊಳಕ್ಕೆ ಹೋಗುವುದು ಅವಳಿಗೆ ತುಂಬ ಇಷ್ಟದ ಕೆಲಸ. ತಾಯಿಕೊಳವೆಂದರೆ ಕಂಪನಿಯ ತಾಯಿಮೀನುಗಳಿರುವ ಕೊಳ. ಬೇರೆ ಕೊಳದ ಹನಿ ನೀರೂ ಅದಕ್ಕೆ ಸೇರದು, ಒರತೆಯ ನೀರು ಮಾತ್ರ. ಅದರ ಮರಿಗಳಿಗೆ ಹುಳುವಿಲ್ಲವೆಂಬ ನಂಬಿಕೆಯ ಮೇಲೆ ಪೋಲೆಂಡಿನವರು, ಹಂಗೇರಿಯವರು ಬಂದು ಕೊಳ್ಳುತ್ತಿದ್ದರು. ಯಾರ್ಮಿಲಾ ಎಂದೂ ಅಲ್ಲಿ ಒಂದು ಹುಳು ಕಂಡವಳಲ್ಲ. ಅಂದಮೇಲೆ ಅಷ್ಟು ದೂರ ಸೈಕಲ್ ತುಳಿದು ಹೋಗಿ ನೋಡುವುದೇನು ಎಂದು ಅಪೊಲೇನಾ ಕೇಳುತ್ತಿದ್ದಳು. ಈ ಒಂದು ಪ್ರಶ್ನೆ ಬಂದಾಗ ಮಾತ್ರ ಯಾರ್ಮಿಲಾ ಸೈಕಲ್ಲಿನ ಚಕ್ರಕ್ಕೆ ಗಾಳಿ ಹಾಕತೊಡಗುತ್ತಿದ್ದಳು.

ತಾಯಿಕೊಳದ ಏರಿಯ ಮೇಲೆ ಒಂದೇ ಕೋಣೆಯ ಕಾವಲುಮನೆ. ಅದರಲ್ಲಿರುವವನು ವೆಂಡೆಲಿನ್ ಕುಬಾಟ್. ಹೆಂಡತಿ ಸೊಳ್ಳೆಯ ಕಾಟ ತಾಳಲಾರದೆ ಪಟ್ಟಣಕ್ಕೆ ಹೋಗಿ, ಅಲ್ಲಿ ಸೊಳ್ಳೆಯಿಲ್ಲದ ಇನ್ನೊಬ್ಬನನ್ನು ಕಂಡುಕೊಂಡು ವರ್ಷಗಳಾಗಿದ್ದವು. ಹಿಂದೊಮ್ಮೆ ಮಂಜುಗಡ್ಡೆ ಕೊಯ್ಯುವ ಗರಗಸ ಜಾರಿ ಅವನ ತುಟಿಯ ಮೇಲೆ ಗಾಯವಾಗಿ ಎಡಗಡೆಯ ಮೀಸೆ ಮತ್ತೆ ಬೆಳೆಯಲೇ ಇಲ್ಲ. ಬಲಗಡೆಯದನ್ನು ಬೋಳಿಸು ಎಂದರೆ, ಇರುವುದನ್ನೂ ಯಾಕೆ ಕಳೆದುಕೊಳ್ಳಲಿ ಎನ್ನುವ ಆಸಾಮಿ.

ಇಬ್ಬರೂ ಭೇಟಿಯಾದರೆ ಜಗಳ. ತಾಯಿಮೀನನ್ನು ನೀರಿನಿಂದ ಹೊರಗೆ ಜಾಸ್ತಿ ಹೊತ್ತು ಹಿಡಿಯುತ್ತೀರಿ ಎಂದು ಅವನು ಗೊಣಗಬೇಕು, ಒದ್ದೆ ಬಟ್ಟೆ ಹೊದಿಸಿ ಎಂದರೆ ಶಾಲು ಹೊದಿಸಿದ ಹಾಗೆ ಮಾಡುತ್ತೀರಿ ಎಂದು ಇವಳು ರೇಗಬೇಕು. ಕೆಲಸ ಮುಗಿದ ಮೇಲೆ ಮಾತ್ರ ಕಿಟಕಿಯಲ್ಲಿ ಒಂದು ತಟ್ಟೆ ಇರುತ್ತಿತ್ತು. ಕಂದು ಬ್ರೆಡ್ಡಿನ ಮೇಲೆ ಹಂದಿಕೊಬ್ಬು, ಮೇಲೆ ಹೆಚ್ಚಿದ ಈರುಳ್ಳಿ. ಅದನ್ನು ತಿನ್ನಿ ಎಂದು ಅವನು ಹೇಳಿದವನಲ್ಲ, ತಿನ್ನದೆ ಇವಳು ಹೋದವಳಲ್ಲ.

ಕ್ರಿಸ್‌ಮಸ್ ವಾರದಲ್ಲಿ ವೆಂಡೆಲಿನ್ ಊರ ಚೌಕದಲ್ಲಿ ನಿಲ್ಲುತ್ತಿದ್ದ. ಕಂಪನಿಯವರು ಅಲ್ಲಿ ದೊಡ್ಡ ತೊಟ್ಟಿಗಳನ್ನಿಟ್ಟು ಜೀವಂತ ಗೆಂಡೆ ಮಾರುತ್ತಾರೆ. ಹಬ್ಬದ ರಾತ್ರಿ ಹುರಿದ ಗೆಂಡೆ ಇಲ್ಲದ ಮನೆ ಮನೆಯಲ್ಲ. ಜನ ಬೆರಳು ತೋರಿಸಿದ ಮೀನನ್ನು ವೆಂಡೆಲಿನ್ ಎತ್ತಿ ಮರದ ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಿದ್ದ, ಎರಡನೆಯ ಏಟು ಅವನು ಹಾಕಿದ್ದನ್ನು ಕಂಡವರಿಲ್ಲ. ಆದರೆ ನಮ್ಮವರಲ್ಲಿ ಕೆಲವರಿಗೊಂದು ಖಯಾಲಿ. ಮೀನು ತಾಜಾ ಇರಲೆಂದು ಬದುಕಿದ್ದನ್ನೇ ಮನೆಗೊಯ್ದು ಸ್ನಾನದ ತೊಟ್ಟಿಯಲ್ಲಿ ಬಿಡುತ್ತಾರೆ. ಮನೆಯವರೆಲ್ಲ ಸೇರಿ ಅದಕ್ಕೆ ಹೆಸರಿಡುತ್ತಾರೆ. ಹೆಸರಿಟ್ಟ ಮೇಲೆ ಕೊಲ್ಲುವವರು ಯಾರು? ಹಬ್ಬದ ಸಂಜೆ ಎಲ್ಲರೂ ಕೋಟು ಹಾಕಿಕೊಂಡು ಹೋಗಿ ಅದನ್ನು ಹೊಳೆಗೆ ಬಿಟ್ಟು, ಬರೀ ಆಲೂಗಡ್ಡೆ ಸಲಾಡ್ ತಿಂದು ಮಲಗುತ್ತಾರೆ. ಇಂಥವರನ್ನು ಕಂಡರೆ ವೆಂಡೆಲಿನ್‌ಗೂ ಯಾರ್ಮಿಲಾಳಿಗೂ ಆಗದು. ಅವನು ನಗುತ್ತಿದ್ದ, ಅವಳು ಬೈಯುತ್ತಿದ್ದಳು: ಮೀನಿನ ಜೊತೆ ಅದರ ಹುಳುವನ್ನೂ ಹೊಳೆಗೆ ಬಿಡುತ್ತೀರಿ, ಪುಣ್ಯ ಬೇರೆ ಬರುತ್ತದೆ ಅಂದುಕೊಳ್ಳುತ್ತೀರಿ ಎಂದು.

ಕಂಪನಿಯಿಂದ ಎಲ್ಲ ನೌಕರರಿಗೂ ಹಬ್ಬಕ್ಕೊಂದು ಗೆಂಡೆ. ಯಾರ್ಮಿಲಾಳ ಪಾಲಿನದನ್ನು ಹುರಿಯುತ್ತಿದ್ದವಳು ಅಮ್ಮ, ತಿನ್ನುತ್ತಿದ್ದವಳೂ ಅಮ್ಮ. ಇಷ್ಟು ವರ್ಷ ಕಿವಿರಿನೊಳಗೆ ಇಣುಕಿದ ಯಾರ್ಮಿಲಾಳಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಳೆದ ಹಬ್ಬದ ದಿನ ಬೆಳಿಗ್ಗೆ ತನ್ನ ಪಾಲಿನ ಮೀನನ್ನು ಬಕೆಟ್ಟಿನಲ್ಲಿ ನೋಡಿದಾಗ ಅವಳಿಗೆ ನಗು ಬಂತು. ಗೆಂಡೆಗೆ ಬಾಯಿಯ ಎರಡೂ ಕಡೆ ಮೀಸೆಯಿರಬೇಕು, ಇದಕ್ಕೆ ಎಡಗಡೆಯದು ಇರಲೇ ಇಲ್ಲ. ನೇರ ಚೌಕಕ್ಕೆ ಹೋದಳು. ವೆಂಡೆಲಿನ್ ತೊಟ್ಟಿ ತೊಳೆಯುತ್ತಿದ್ದ.

"ನೋಡಿ ಕುಬಾಟ್ ಅವರೇ, ಥೇಟ್ ನಿಮ್ಮದೇ ಮುಖ. ನಿಮಗೇ ಇರಲಿ, ಹುರ್ಕೊಂಡು ತಿನ್ನಿ."

ವೆಂಡೆಲಿನ್ ಮೀನನ್ನು ನೋಡಿದ, ಅವಳನ್ನು ನೋಡಿದ, ಬಕೆಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ನಂಗೆ ಇದುವರೆಗೂ ಯಾರೂ ಮೀನು ಕೊಟ್ಟಿರ್ಲಿಲ್ಲ ಡಾಕ್ಟ್ರೇ," ಎಂದ.

ನಿಜವೇ. ಮೀನಿನವನಿಗೆ ಮೀನು ಯಾರು ಕೊಡುತ್ತಾರೆ? ಯಾರ್ಮಿಲಾ ಅಂದು ಖಾಲಿ ಮನೆಗೆ ಹೋಗಿ ಹಂದಿಮಾಂಸದ ತುಂಡು ಹುರಿದುಕೊಂಡು ತಿಂದಳು, ಮತ್ತು ಕಾರಣ ತಿಳಿಯದೆ ಖುಷಿಯಾಗಿದ್ದಳು. ಜನವರಿಯಲ್ಲಿ ಮೀನು ಹೇಗಿತ್ತು ಎಂದು ಕೇಳಿದಾಗ ವೆಂಡೆಲಿನ್ ಈ ವರ್ಷ ಮಂಜುಗಡ್ಡೆ ಎಷ್ಟು ದಪ್ಪ ಕಟ್ಟಿದೆ ಎಂದು ಹೇಳತೊಡಗಿದ. ಅವನ ಸ್ವಭಾವವೇ ಹಾಗೆ ಎಂದುಕೊಂಡು ಅವಳು ಬಿಟ್ಟಳು.

ಮೇ ತಿಂಗಳಲ್ಲಿ ತಾಯಿಮೀನುಗಳು ಮೊಟ್ಟೆಯಿಡುವ ಮುಂಚೆ ಒಂದು ತಪಾಸಣೆ ಇರುತ್ತದೆ. ಅಂದು ಯಾರ್ಮಿಲಾ ಕಾವಲುಮನೆಯ ಕಿಟಕಿಯ ಬಳಿ ಸೂಕ್ಷ್ಮದರ್ಶಕ ಇಟ್ಟುಕೊಂಡು, ಹಾಡೊಂದನ್ನು ಗುನುಗುತ್ತ, ಮೊದಲ ಮೀನಿನ ಕಿವಿರಿನಿಂದ ಕೆರೆದು ತೆಗೆದ ಲೋಳೆಯನ್ನು ಗಾಜಿನ ಮೇಲೆ ಹರಡಿ ನೋಡಿದಳು. ಹಾಡು ನಿಂತಿತು. ಕಣ್ಣುಜ್ಜಿಕೊಂಡಳು, ಮಸೂರ ಒರೆಸಿದಳು, ಗಾಜು ಬದಲಿಸಿದಳು. ಅದು ಅಲ್ಲೇ ಇತ್ತು: ಪುಟ್ಟ ಮೈ, ಒಂದೇ ಜೊತೆ ಕೊಂಡಿ, ಹೊಟ್ಟೆಯಲ್ಲಿ ಕುಡಿದ ರಕ್ತದ ಕಪ್ಪುಗೆರೆ, ಬೆನ್ನಿನ ಮೇಲೆ ಆಗತಾನೇ ಮೂಡುತ್ತಿರುವ ಗುಂಡಿ. ಎರಡನೆಯ ಮೀನಿನಲ್ಲೂ ಅಂಥದ್ದೇ, ಮೂರನೆಯದರಲ್ಲೂ. ಮದುವೆಮನೆಗಳಲ್ಲಿ ಹೊಗಳಿ ಅಟ್ಟಕ್ಕೇರಿಸಿದ ಹುಳು, ಬರಬಾರದಿದ್ದ ಒಂದೇ ಮನೆಗೆ ಬಂದು ಕೂತಿತ್ತು. ಇನ್ನು ಮೊಟ್ಟೆಯೊಡೆದು ಬರಲಿರುವ ಮೀನಿನ ಮರಿಗಳಿಗೆ ಇದು ಹತ್ತಿದರೆ ಅವುಗಳ ಕಿವಿರು ಬಿಳಚಿ, ಚಳಿಗಾಲ ದಾಟುವುದು ಕಷ್ಟ.

ಸುದ್ದಿ ಮುಟ್ಟಿದ ಕೂಡಲೇ ಡೈರೆಕ್ಟರ್ ಶಿಂದೆಲಾರ್ ಜೀಪಿನಲ್ಲಿ ಬಂದ. ಹಳೆಯ ಸರ್ಕಾರ ಹೋಗಿ ಕಂಪನಿ ಖಾಸಗಿಯಾದ ಮೇಲೆ ಬಂದ ಎಳೆಯ ಮನುಷ್ಯ. ಕೆಟ್ಟವನಲ್ಲ, ಆದರೆ ಬೂಟಿಗೆ ಕೆಸರು ಹತ್ತಬಾರದೆಂದು ಏರಿಯ ಮೇಲೇ ನಿಂತು ಮಾತಾಡುವವನು. ಕೊಳ್ಳುವವರು ಇನ್ನೇನು ಬರುವವರಿದ್ದರು, ಅವನಿಗೆ ಗಾಬರಿ. ಬೇರೆ ಕೊಳದ ಒದ್ದೆ ಬಲೆ ಇಲ್ಲಿಗೆ ಇಳಿದಿರಬೇಕೆಂದು ವೆಂಡೆಲಿನ್ ಮೇಲೆ ಹರಿಹಾಯ್ದ. ತಾಯಿಕೊಳಕ್ಕೆ ಹೊರಗಿನ ಬಲೆಯನ್ನಾಗಲಿ ಹೊರಗಿನ ಮೀನನ್ನಾಗಲಿ ತಂದ ಕಾವಲುಗಾರ ಅದೇ ದಿನ ಮನೆ ಖಾಲಿ ಮಾಡಬೇಕು. ತಾತಂದಿರ ಕಾಲದಿಂದ ಬಂದ ಆ ನಿಯಮವನ್ನು ಅವನು ಎರಡು ಸಲ ಹೇಳಿದ. ವೆಂಡೆಲಿನ್ ಕೆಂಪಗಾಗಿ, ತನ್ನ ಬಲೆ ಬಿಸಿಲಲ್ಲಿ ಒಣಗದೆ ಎಂದೂ ನೀರಿಗಿಳಿದಿಲ್ಲ ಎಂದ. ಆ ಮಾತು ನಿಜವೆಂದು ಯಾರ್ಮಿಲಾಳಿಗೆ ಗೊತ್ತಿತ್ತು. ಈ ಮನೆ ಬಿಟ್ಟರೆ ಅವನಿಗೆ ಬೇರೆ ಬದುಕಿಲ್ಲ ಎಂಬುದೂ ಗೊತ್ತಿತ್ತು. ಹೇಗಾದರೂ ಮಾಡಿ ಅವನನ್ನು ಉಳಿಸಬೇಕೆಂದು ಅವಳು ಮುಂದೆ ಬಂದಳು.

ಬಲೆಯ ಜೊತೆ ಬರುವುದು ಬರೀ ಮೊಟ್ಟೆ ಎಂದು ವಿವರಿಸಿದಳು. ಮೊಟ್ಟೆಯಿಂದ ಬಂದವಾದರೆ ಎಲ್ಲವೂ ಈ ವಸಂತದ ಮರಿಗಳಾಗಿರಬೇಕು. ಬೆಸೆದು ಬೆಳೆದ ಹಳೆಯ ಜೋಡಿ ಒಂದಾದರೂ ಸಿಕ್ಕರೆ ಅದು ಮೀನಿನ ಕಿವಿರಿನಲ್ಲಿ ಸವಾರಿ ಮಾಡಿಕೊಂಡೇ ಬಂದದ್ದು. ಊರಿನ ಯಾವನೋ ಮೆದುಹೃದಯದವನು ಕ್ರಿಸ್‌ಮಸ್ ಮೀನನ್ನು ಹೊಳೆಯ ಬದಲು ಇಲ್ಲಿ ಬಿಟ್ಟು ಹೋಗಿರಬೇಕು, ಅದಕ್ಕೆ ಕಾವಲುಗಾರ ಏನು ಮಾಡಿಯಾನು? ನಾಳೆ ಕೊಳವನ್ನು ಪೂರ್ತಿ ಬಲೆಯೆಳೆದು ನೋಡೋಣ ಎಂದಳು.

ಇಷ್ಟು ಚೆನ್ನಾಗಿ ವಾದಿಸಿದೆನಲ್ಲ ಎಂದು ವೆಂಡೆಲಿನ್ ಕಡೆ ತಿರುಗಿದರೆ ಅವನ ಮುಖ ಸುಣ್ಣದಂತೆ ಬಿಳುಪೇರಿತ್ತು. ಬಲೆಯೆಳೆಯುವುದು ಬೇಡ, ಮೊಟ್ಟೆಯಿಡುವ ಕಾಲ, ತಾಯಿಮೀನುಗಳಿಗೆ ತೊಂದರೆ ಎಂದು ತೊದಲಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಅವಳಿಗಾಗ ಹೊಳೆಯಲಿಲ್ಲ. ಮೀನಿನ ಮೇಲೆ ಇವನಿಗೆಷ್ಟು ಅಕ್ಕರೆ ಎಂದು ಮೆಚ್ಚಿಕೊಂಡೇ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಆಳುಗಳು ಕೊಳದ ಎರಡೂ ಕಡೆಯಿಂದ ಬಲೆ ಎಳೆದರು. ಅಪೊಲೇನಾ ಏರಿಯ ಮೇಲೆ ಒಲೆ ಹೂಡಿ ಎಲ್ಲರಿಗೂ ಬೆಳ್ಳುಳ್ಳಿ ಸೂಪು ಕುದಿಸುತ್ತಿದ್ದಳು. ಬಲೆಯ ವರ್ತುಲ ಸಣ್ಣದಾದಂತೆ ಹಂದಿಮರಿಯಷ್ಟು ದಪ್ಪದ ತಾಯಿಮೀನುಗಳು ಬೆನ್ನು ತೋರಿಸಿ ನೀರು ಕಡೆಯತೊಡಗಿದವು. ಅವುಗಳ ನಡುವೆ ಒಂದು ಚಿಕ್ಕ ಬೆನ್ನು. ಯಾರ್ಮಿಲಾ ಸೊಂಟದವರೆಗಿನ ನೀರಿನಲ್ಲಿ ಅದರತ್ತ ನಡೆದಳು. ಅವಳು ಹೋದ ಕಡೆಯೆಲ್ಲ ವೆಂಡೆಲಿನ್ ಅಡ್ಡ ಬರುತ್ತಿದ್ದ, ಮೊಣಕಾಲಿನಿಂದ ಏನನ್ನೋ ಆಚೆ ದೂಡುತ್ತಿದ್ದ. ಅವನನ್ನು ತಳ್ಳಿ ಅವಳು ಕೈಬಲೆಗೆ ಮೀನನ್ನು ಹಾಕಿಕೊಂಡಳು. ಕಿವಿರಿನ ಮುಚ್ಚಳ ಎತ್ತಿದರೆ ಕಣ್ಣಿಗೇ ಕಾಣುವಂತೆ ಕೂತಿದ್ದವು: ಕತ್ತರಿಯಾಕಾರದ, ರಕ್ತ ಕುಡಿದು ಕೊಬ್ಬಿದ ಜೋಡಿಗಳು. ಸಿಕ್ಕಿತು ಎಂದು ಕೂಗಲು ಬಾಯಿ ತೆರೆದವಳು ಮೀನಿನ ಮುಖವನ್ನು ತನ್ನತ್ತ ತಿರುಗಿಸಿದಳು. ಎಡಗಡೆ ಮೀಸೆ ಇರಲಿಲ್ಲ.

ಕೂಗದೆ ಕೈಬಲೆಯನ್ನು ನೀರಿಗೆ ತಗ್ಗಿಸಿದಳು. ವೆಂಡೆಲಿನ್ ಮಗ್ಗುಲಲ್ಲೇ ನಿಂತಿದ್ದ.

"ತಿಂದ್ರಿ ಅನ್ಕೊಂಡಿದ್ದೆ," ಎಂದಳು, ಅವನಿಗಷ್ಟೇ ಕೇಳುವಂತೆ.

"ಸುತ್ತಿಗೆ ಎತ್ತಿದ್ದೆ ಡಾಕ್ಟ್ರೇ. ಊರಿಗೆಲ್ಲ ಹೊಡ್ಕೊಟ್ಟ ಕೈ, ಇದಕ್ಕೆ ಇಳೀಲಿಲ್ಲ. ಮಂಜುಗಡ್ಡೇಲಿ ಗಾಳಿಗೆ ಅಂತ ತೂತು ಕೊಯ್ದಿದ್ನಲ್ಲ, ಅದ್ರೊಳಗೆ ಬಿಟ್ಬಿಟ್ಟೆ. ಒಂದು ಮೀನಿಂದ ಏನಾದೀತು ಅಂದ್ಕೊಂಡೆ."

"ಯಾಕ್ರೀ ಇಳೀಲಿಲ್ಲ?"

"ನೀವು ಕೊಟ್ಟಿದ್ದು."

ಅವಳಿಗೆ ಸಿಟ್ಟು ಬಂತು, ಅಳು ಬಂತು, ಎರಡಕ್ಕಿಂತ ಹೆಚ್ಚಾಗಿ ಸಂತೋಷವಾಯಿತು. ಇಂಥ ಹೊತ್ತಿನಲ್ಲಿ ಸಂತೋಷವಾಗುತ್ತಿದೆಯಲ್ಲ ಎಂದು ತನ್ನ ಮೇಲೇ ನಾಚಿಕೆಯೂ ಆಯಿತು. ಏರಿಯ ಮೇಲಿನಿಂದ ಶಿಂದೆಲಾರ್ ಏನು ಸಿಕ್ಕಿತು ಎಂದು ಕೇಳಿದ. ಊರಿನ ಯಾರದೋ ಹಬ್ಬದ ಮೀನು ಎಂದರೆ ಮುಗಿಯುತ್ತಿತ್ತು. ನಿನ್ನೆ ಅವಳೇ ಹೇಳಿದ ಮಾತು, ಎಲ್ಲರೂ ನಂಬಲು ತಯಾರಾಗಿದ್ದರು. ಆದರೆ ಕಿವಿರಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿಯೇ ಅವಳು ಈ ಊರಿನಲ್ಲಿ ಬಾಳಿದವಳು. ಇಂದು ಸುಳ್ಳು ಹೇಳಿದರೆ ಇನ್ನು ಪ್ರತಿ ಮಂಗಳವಾರವೂ ಆ ಸುಳ್ಳು ಇಬ್ಬರ ನಡುವೆ ಕೂತು ಬ್ರೆಡ್ಡು ತಿನ್ನುತ್ತದೆ. ಅಷ್ಟರಲ್ಲಿ ವೆಂಡೆಲಿನ್ ಮೀಸೆ ನೇವರಿಸಿಕೊಂಡು ಬಾಯಿ ತೆರೆದ. ಅವಳು ಅವನ ಮುಂದೆ ಬಂದು ನಿಂತಳು.

"ಮೀನು ನಂದು ಡೈರೆಕ್ಟ್ರೇ. ಕಂಪನಿ ಹಬ್ಬಕ್ಕೆ ನಂಗೆ ಕೊಟ್ಟಿದ್ದು. ಕಿವಿರು ನೋಡದೇನೇ ನಾನು ಇವರಿಗೆ ಕೊಟ್ಟೆ, ಡಾಕ್ಟರಾಗಿದ್ದೂ. ಇವರಿಗೆ ಕೊಲ್ಲಕ್ಕಾಗ್ಲಿಲ್ಲ, ಇಲ್ಲಿ ಬಿಟ್ರು."

ವೆಂಡೆಲಿನ್ ಕುಬಾಟ್‌ಗೆ ಒಂದು ಮೀನು ಕೊಲ್ಲಲಾಗಲಿಲ್ಲ ಎಂಬುದು ಎಲ್ಲರ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ನಕ್ಕವಳು ಅಪೊಲೇನಾ, ಆಮೇಲೆ ಬಲೆ ಹಿಡಿದ ಆಳುಗಳೆಲ್ಲ. ವೆಂಡೆಲಿನ್ ಕಿವಿಯವರೆಗೂ ಕೆಂಪಾದ. ನಗದೆ ನಿಂತವನು ಶಿಂದೆಲಾರ್ ಒಬ್ಬನೇ. ಮೊದಲು ಆ ಪೀಡೆಯನ್ನು ಮುಗಿಸಿ, ಆಮೇಲೆ ಉಳಿದ ಮಾತು ಎಂದ. ಯಾರೂ ಸುತ್ತಿಗೆ ಮುಟ್ಟದಿದ್ದಾಗ ತಾನೇ ಮುಗಿಸುತ್ತೇನೆಂದು ಬೂಟಿನ ಸಮೇತ ಕೆಸರಿಗಿಳಿದು ಬಂದು ಸುತ್ತಿಗೆ ಎತ್ತಿದ. ಹಲಗೆಯ ಮೇಲೆ ಅರ್ಧ ಮೀಸೆಯ ಮೀನು ಬಾಯಿ ಆಡಿಸುತ್ತ ಅವನನ್ನೇ ನೋಡುತ್ತಿತ್ತು. ಅದರ ಹಿಂದೆ ಅರ್ಧ ಮೀಸೆಯ ವೆಂಡೆಲಿನ್ ನಿಂತು ಅವನನ್ನೇ ನೋಡುತ್ತಿದ್ದ. ಶಿಂದೆಲಾರ್ ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿ ಸುತ್ತಿಗೆಯನ್ನು ಕೆಳಗಿಟ್ಟ. ಆಫೀಸಿನ ಮುಂದಿನ ಕಾರಂಜಿ ತೊಟ್ಟಿಯಲ್ಲಿ ಬಿಡಿ, ಅಲ್ಲಿ ಬೇರೆ ಮೀನಿಲ್ಲ ಎಂದು ಗೊಣಗಿದ.

ಮಾತಿಗಿಂತ ಮೊದಲು ಕೆಲಸ ಎಂದು ಯಾರ್ಮಿಲಾ ಎಲ್ಲರನ್ನೂ ಹುರಿದುಂಬಿಸಿದಳು. ತೊಟ್ಟಿಗಳಲ್ಲಿ ಉಪ್ಪುನೀರು ಕಲಸಿ ಒಂದೊಂದೇ ತಾಯಿಮೀನನ್ನು ಎತ್ತಿ ಅದ್ದುವುದು, ಔಷಧಿಯ ನೀರಿನಲ್ಲಿಡುವುದು, ಆಮೇಲೆ ಪಕ್ಕದ ಖಾಲಿ ಕೊಳಕ್ಕೆ ಸಾಗಿಸುವುದು. ತಾಯಿಕೊಳದ ನೀರು ಪೂರ್ತಿ ಬಿಟ್ಟು, ತಳಕ್ಕೆ ಸುಣ್ಣ ಎರಚಿ, ಬಿಸಿಲಿಗೆ ಒಣಗಲು ಬಿಡಬೇಕು. ಒಣಗಿದರೆ ದಾರದ ಸಮೇತ ಮೊಟ್ಟೆಗಳು ಸತ್ತವು. ಕಿವಿರಿನಲ್ಲಿ ಅಲ್ಲೊಂದು ಇಲ್ಲೊಂದು ಮರಿ ಉಳಿದರೂ ಹೊಸಬರು ಬಾರದಿದ್ದರೆ ಜೋಡಿ ಸಿಗದೆ ತಾವಾಗಿಯೇ ಮುಗಿಯುತ್ತವೆ. ಕೊಳ್ಳುವವರಿಗೆ ಮರಿಗಳು ಈ ಸಲ ತಡ, ಆದರೆ ಸಿಗುತ್ತವೆ ಎಂದು ತಾನೇ ಫೋನು ಮಾಡಿ ಹೇಳುವುದಾಗಿ ಒಪ್ಪಿಕೊಂಡಳು. ಹೇಗೂ ಬೂಟು ಹಾಳಾಗಿತ್ತು, ಶಿಂದೆಲಾರ್‌ನೂ ತೋಳು ಮಡಚಿ ಮೀನು ಹೊತ್ತ.

ಸಂಜೆ ಎಲ್ಲರೂ ಒದ್ದೆಯಾಗಿ ಕೂತು ಸೂಪು ಕುಡಿಯುತ್ತಿದ್ದಾಗ ಅವನು ಬೋರಲು ಹಾಕಿದ ತೊಟ್ಟಿಯ ಮೇಲೆ ಕೂತು ವಿಷಯಕ್ಕೆ ಬಂದ.

"ನಿಯಮ ನಿಯಮಾನೇ. ಮೀನು ಕೊಲ್ಲಕ್ಕೆ ಬರದವನನ್ನ ಕಾವಲಿಗೆ ಇಟ್ಕೊಂಡಿದೀನಿ ಅಂದ್ರೆ ಜನ ನಗ್ತಾರೆ."

"ಮೀನು ಕೊಲ್ಲೋರು ಊರು ತುಂಬ ಇದಾರೆ ಡೈರೆಕ್ಟ್ರೇ," ಎಂದಳು ಯಾರ್ಮಿಲಾ. "ತಾಯಿಕೊಳಕ್ಕೆ ಬೇಕಾಗಿರೋದು ಕೊಲ್ಲಕ್ಕೆ ಕೈ ಏಳದೋರು."

ಶಿಂದೆಲಾರ್ ತಲೆ ಕೆರೆದುಕೊಂಡ. ಬೆಳಿಗ್ಗೆ ಸುತ್ತಿಗೆ ಕೆಳಗಿಟ್ಟವನು ಹೆಚ್ಚು ಜೋರು ಮಾಡುವ ಹಾಗಿರಲಿಲ್ಲ. ಆದರೂ ಒಬ್ಬನನ್ನೇ ನಂಬಿ ಬಿಡಲಾಗದು ಎಂದ. ಇನ್ನು ತಿಂಗಳಿಗೊಮ್ಮೆ ಬಂದು ನೋಡಿದರೆ ಸಾಲದು, ಬೇಸಿಗೆಯಿಡೀ ದಿನದಿನವೂ ಕಿವಿರು ನೋಡುವವರು ಇಲ್ಲೇ ಇರಬೇಕು, ಈ ಸೊಳ್ಳೆಗಳ ನಡುವೆ ಯಾರಿರುತ್ತಾರೆ ಎಂದು ಕೇಳಿದ.

"ನಾನಿರ್ತೀನಿ," ಎಂದಳು.

ಅಪೊಲೇನಾ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. ಮನೆಯಲ್ಲಿರುವುದು ಒಂದೇ ಕೋಣೆಯಲ್ಲವೇ ಎಂದು ಶಿಂದೆಲಾರ್ ಏನೂ ಅರಿಯದವನಂತೆ ಹೇಳಿದ. ಗೊತ್ತು ಎಂದಳು ಯಾರ್ಮಿಲಾ. ಹಿಡಿದುಕೊಳ್ಳುವುದರ ಬಗ್ಗೆ ಊರಿಗೆಲ್ಲ ಬೋಧಿಸಿದವಳು ಇಂದು ಎಲ್ಲರ ಎದುರು ತಾನೇ ಕೈ ಚಾಚಿದ್ದಳು. ಆ ಕೈ ಹಾಗೇ ಗಾಳಿಯಲ್ಲಿ ಉಳಿದುಬಿಟ್ಟರೆ ನಾಳೆಯಿಂದ ಈ ಏರಿಯ ಮೇಲೆ ಸೈಕಲ್ ತುಳಿಯುವುದು ಹೇಗೆಂದು ಹೆದರಿದಳು. ಎಲ್ಲರೂ ವೆಂಡೆಲಿನ್ ಕಡೆ ತಿರುಗಿದರು. ಅವನು ಸೂಪಿನ ಬಟ್ಟಲು ಹಿಡಿದು ನಿಂತೇ ಇದ್ದ, ಉಳಿದ ಸೂಪು ಕುಡಿದು ಬಟ್ಟಲು ಕೆಳಗಿಟ್ಟ.

"ಕಿಟಕಿ ಹತ್ರದ ಮೇಜು ಒಂದ್ಚೂರು ಅಲ್ಲಾಡುತ್ತೆ," ಎಂದ. "ಇವತ್ತೇ ಕಾಲಿಗೆ ಚಕ್ಕೆ ಇಡ್ತೀನಿ. ಯಾವಾಗ ಬರ್ತೀಯ?"

"ನಾಳೆ ಬೆಳಿಗ್ಗೆ," ಎಂದಳು ಯಾರ್ಮಿಲಾ. "ಸಾಮಾನು ಸೈಕಲ್ಲಲ್ಲಿ ಹಿಡಿಸಲ್ಲ, ನೀನೇ ಗಾಡಿ ತಗೊಂಡು ಬಾ."